ನೆಲದೊಳಗಿನ ಕಮಾನು

ಅಂಕಲಿ
22 ಮೇ 1989

ಪ್ರೀತಿಯ ದ್ರೌಪದಿ,

ಸಂಘದ ಫಲಿತಾಂಶ ಶನಿವಾರ ಬಂತು. ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ, ಒಡೆಯುವ ಮೊದಲೇ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಗಡಿ ತಾಲೂಕುಗಳ ಗಣಿತ ಶಿಕ್ಷಕರ ಸಂಘಕ್ಕೆ ಒಬ್ಬ ಹೆಣ್ಣುಮಗಳು ಕಾರ್ಯದರ್ಶಿ, ಅವಳು ನನ್ನ ಜೊತೆ ಬಿ.ಎಡ್. ಓದಿದವಳು ಎಂದು ಹೇಳಿಕೊಳ್ಳಲು ನನಗೆ ಇನ್ನೂ ಬೇಸರ ಬಂದಿಲ್ಲ.

ನನ್ನ ವಿದ್ಯಾರ್ಥಿನಿ ಮಲಕವ್ವ ಎರಡನೆಯವಳಾಗಿದ್ದಾಳೆ. ಸೀಟು ಇರುವುದು ಮೊದಲನೆಯವಳಿಗೆ ಮಾತ್ರ: ನಿಪ್ಪಾಣಿಯ ಕಾಲೇಜಿನಲ್ಲಿ ವಿಜ್ಞಾನ, ಎರಡು ವರ್ಷ ಹಾಸ್ಟೆಲು, ಊಟ. ನೀವು ಕಳಿಸಿದ ಪ್ರಶ್ನೆವಾರು ಅಂಕಗಳನ್ನು ನೋಡಿದೆ. ಕೊನೆಯ ಪ್ರಶ್ನೆಗೆ ಅವಳಿಗೆ ಸೊನ್ನೆ. ಅದಕ್ಕೆ ಅರ್ಧ ಅಂಕ ಕೊಟ್ಟಿದ್ದರೂ ಅವಳೇ ಮೊದಲು.

ಪ್ರಶ್ನೆ ನಿನಗೆ ನೆನಪಿರಬಹುದು. ಒಂದು ಕಮಾನು ನೆಲವನ್ನು 1 ಮತ್ತು 5ರಲ್ಲಿ ಮುಟ್ಟುತ್ತದೆ, (3, 8) ಎಂಬ ಬಿಂದುವಿನ ಮೂಲಕ ಹಾಯುತ್ತದೆ, ಅದರ ವರ್ಗ ಬಹುಪದೋಕ್ತಿ ಬರೆಯಿರಿ. ಮಾದರಿ ಉತ್ತರದಲ್ಲಿ x² − 6x + 5 ಎಂದಿದೆ. ನಾವೆಲ್ಲ ಹತ್ತನೆಯ ತರಗತಿಯಲ್ಲಿ ಮಕ್ಕಳ ಬಾಯಿಗೆ ಹಾಕುವ ಪಾಠ ಅದು, ಮೂಲಗಳ ಮೊತ್ತ, ಮೂಲಗಳ ಗುಣಲಬ್ಧ. ಬರೆದವರ ಕೈ ತಾನಾಗಿ ಅಲ್ಲಿಗೆ ಹೋಗಿದೆ. ಆದರೆ ಅದರಲ್ಲಿ 3 ಹಾಕಿ ನೋಡು. 8 ಬರುವುದಿಲ್ಲ, −4 ಬರುತ್ತದೆ. ನಿಮ್ಮ ಕಮಾನು ನೆಲದೊಳಗೆ ಇಳಿದಿದೆ, ಮಾರಾಯ್ತಿ.

ಎರಡು ಕಡೆ ನೆಲ ಮುಟ್ಟುವ ಕಮಾನುಗಳು ಎಷ್ಟು ಬೇಕಾದರೂ ಇರುತ್ತವೆ. ಎತ್ತರದ್ದು, ಚಪ್ಪಟೆಯದ್ದು, ತಲೆಕೆಳಗಾದದ್ದು. ಯಾವುದು ನಮ್ಮದು ಎಂದು ಹೇಳುವುದು ಆ ಮೂರನೆಯ ಬಿಂದು. ಅದನ್ನು ಬಳಸಿದರೆ x²ನ ಸಹಗುಣಕ −2. ಮಲಕವ್ವ ಅದನ್ನೇ ಬರೆದಿದ್ದಾಳೆ: −2x² + 12x − 10. ಪರೀಕ್ಷೆ ಮುಗಿಸಿ ಬಂದ ದಿನವೇ ನನಗೆ ಮತ್ತೆ ಮಾಡಿ ತೋರಿಸಿದ್ದಳು.

ಅವಳಪ್ಪ ಮಾಳಸಿದ್ದ ಕುರಿ ಕಾಯುವವನು. ಮಳೆ ಹಿಡಿದ ಮೇಲೆ ಮಂದೆ ಹೊಡೆದುಕೊಂಡು ಒಣ ಸೀಮೆಗೆ, ಅಥಣಿ ಕಡೆಗೆ ಹೋಗುತ್ತಾನೆ. ತಾಯಿ ಇಲ್ಲ. ಮೊನ್ನೆ ಶಾಲೆಗೆ ಬಂದು ಹೇಳಿಹೋದ: “ಸೀಟ ಸಿಕ್ರ ಕಳಸ್ತೇನ್ರಿ ಬಾಯಾರ. ಇಲ್ಲಂದ್ರ ಕುರಿ ಹಿಂದ ಬರ್ತಾಳ. ಒಬ್ಬಾಕಿನ್ನ ಯಾರ ಹಂತೇಲಿ ಬಿಟ್ಟ ಹೋಗ್ಲಿ?”

ಬಹುಮಾನದ ದಿನಕ್ಕೆ ಇನ್ನೂ ಹೊತ್ತಿದೆ. ನೀನು ಅಲ್ಲಿದ್ದೀಯ ಎಂಬ ಧೈರ್ಯದಿಂದಲೇ ಬೇರೆ ಯಾರಿಗೂ ಬರೆದಿಲ್ಲ.

ನಿನ್ನ,
ಸುಂದರಾ

•

ನಿಪ್ಪಾಣಿ
2 ಜೂನ್ 1989

ಪ್ರೀತಿಯ ಸುಂದರಾ,

ಪತ್ರ ಬಂದು ಎಂಟು ದಿನವಾಯಿತು, ಬಯ್ಯಬೇಡ. ಹಾಲ್ ಗೊತ್ತು ಮಾಡುವುದು, ಪ್ರಶಸ್ತಿ ಪತ್ರ ಅಚ್ಚು ಹಾಕಿಸುವುದು, ಅತಿಥಿಗಳಿಗೆ ಕಾರು, ಎಲ್ಲವೂ ನನ್ನ ತಲೆಯ ಮೇಲೆ. ಕಾರ್ಯದರ್ಶಿ ಎಂದರೆ ಸಂಘದಲ್ಲಿ ಚಹಾ ತರಿಸುವವಳು ಎಂದು ತಿಳಿದುಕೊಂಡ ಗಂಡಸರೂ ಇದ್ದಾರೆ.

ನೀನು ಬರೆದದ್ದನ್ನು ಓದಿದೆ. ಮೌಲ್ಯಮಾಪನವೆಲ್ಲ ರಾಯಬಾಗದಲ್ಲಿ ಮುರಗೆಪ್ಪ ಮಾಸ್ತರರ ಮನೆಯಲ್ಲಿ ನಡೆಯಿತು. ನಾನು ಒಂದು ಉತ್ತರ ಪತ್ರಿಕೆಯನ್ನೂ ಕಣ್ಣಿಂದ ನೋಡಿಲ್ಲ. ಮಾದರಿ ಉತ್ತರವನ್ನು ಮೂರ್ನಾಲ್ಕು ಮಂದಿ ಕೂಡಿ ಮಾಡಿದ್ದು. ಪ್ರಶ್ನೆಯನ್ನು ಹಾಗೂ ಅರ್ಥ ಮಾಡಬಹುದು, ಹೀಗೂ ಮಾಡಬಹುದು ಎನ್ನುವವರಿದ್ದಾರೆ.

ಅಧ್ಯಕ್ಷರಾದ ಜಿನ್ನಪ್ಪ ಮಾಸ್ತರರ ಕಿವಿಗೆ ಸಮಯ ನೋಡಿ ಹಾಕುತ್ತೇನೆ. ನೀನು ನೇರವಾಗಿ ಕಾಗವಾಡದ ಅವರ ಮನೆಗೆ ಬರೆಯಬೇಡ. ಅವರಿಗೆ ವಯಸ್ಸಾಗಿದೆ, ಸಣ್ಣದಕ್ಕೂ ಗಾಬರಿಯಾಗುತ್ತಾರೆ. ಹನ್ನೊಂದಕ್ಕೆ ರಾಯಬಾಗದಲ್ಲಿ ಕಾರ್ಯಕ್ರಮ. ಅದೊಂದು ಮುಗಿಯಲಿ. ನಿನ್ನ ಹುಡುಗಿಗೂ ಸಮಾಧಾನಕರ ಬಹುಮಾನವಿದೆ, ಕಳಿಸು. ನೀನೂ ಬಾ. ನಿನ್ನನ್ನು ನೋಡಿ ವರ್ಷವಾಯಿತು.

ನಿನ್ನ,
ದ್ರೌಪದಿ

•

ಅಂಕಲಿ
15 ಜೂನ್ 1989

ಪ್ರೀತಿಯ ದ್ರೌಪದಿ,

ಜ್ವರ ಬಂದು ಬರಲಾಗಲಿಲ್ಲ. ಬಂದಿದ್ದರೆ ಈ ಪತ್ರ ಬೇಕಾಗುತ್ತಿರಲಿಲ್ಲವೇನೋ.

ಮಲಕವ್ವ ಬಹುಮಾನದ ಕಂಪಾಸ ಪೆಟ್ಟಿಗೆ ಹಿಡಿದುಕೊಂಡು ನೇರ ನನ್ನ ಮನೆಗೆ ಬಂದಳು, ಜೊತೆಗೆ ಅವಳಪ್ಪ. ವೇದಿಕೆಯಿಂದ ಇಳಿಯುವಾಗ ಅವಳು ನಿನ್ನನ್ನು ಕೇಳಿದಳಂತೆ, ಕೊನೆಯ ಲೆಕ್ಕ ಯಾಕೆ ತಪ್ಪಾಯಿತು ಎಂದು. ಅವಳ ಮಟ್ಟಿಗೆ ಅದು ದೊಡ್ಡ ಧೈರ್ಯ. ನೀನು ಅವಳ ತಲೆ ಸವರಿ, ನಿನ್ನ ಉತ್ತರ ತಪ್ಪು ಮಗಳೇ, ಮೊತ್ತ ಗುಣಲಬ್ಧ ಸರಿಯಾಗಿ ಕಲಿ, ಇನ್ನೂ ಓದುವ ವಯಸ್ಸು ಎಂದೆಯಂತೆ. ಸುತ್ತ ನಿಂತವರೆಲ್ಲ ಕೇಳಿಸಿಕೊಂಡರಂತೆ.

ಗದ್ದಲದಲ್ಲಿ ಏನೋ ಒಂದು ಹೇಳಿ ಕಳಿಸಿರಬೇಕು ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೇನೆ. ಆದರೆ ನನ್ನ ಪತ್ರ ನಿನ್ನ ಕೈಯಲ್ಲಿತ್ತಲ್ಲ?

ಉತ್ತರ ಅವಳದೇ ಸರಿ ಎಂದು ನಾನು ಅವಳಿಗೆ ಹೇಳಿದೆ. ಅವಳು ಪೆಟ್ಟಿಗೆ ಮುಚ್ಚಿ, “ನೀವು ನಮ್ಮ ಬಾಯಾರ, ಅದಕ್ಕ ಹಂಗ ಅಂತೀರಿ,” ಅಂದಳು. ಎಲ್ಲರೂ ಒಂದೇ ಉತ್ತರ ಬರೆದಿದ್ದಾರೆ, ತಾನೊಬ್ಬಳೇ ಬೇರೆ ಬರೆದದ್ದು ಎಂಬುದು ಅವಳಿಗೆ ಅಲ್ಲಿ ಗೊತ್ತಾಯಿತಂತೆ. ಮಾಳಸಿದ್ದ ಬಾಗಿಲಲ್ಲಿ ಕುಂತು ಕೇಳುತ್ತಿದ್ದ. “ನೂರ ಕುರಿ ಒಂದ ಕಡಿ ಹೊಂಟ್ರ ಅದ ಹಾದಿ ಅಂತಾರೇನ್ರಿ ನಿಮ್ಮ ಸಾಲ್ಯಾಗ?” ಎಂದ. ಅವನಿಗೆ ನಗು ಬಂದಿತ್ತು. ಮಗಳಿಗೆ ಬರಲಿಲ್ಲ.

ಕಾಲೇಜಿನ ಪ್ರವೇಶ ಜುಲೈ ನಡುವಿಗೆ ಮುಗಿಯುತ್ತದೆ. ಮಾಳಸಿದ್ದ ಅಷ್ಟರೊಳಗೆ ಮಂದೆ ಎಬ್ಬಿಸುತ್ತಾನೆ. ಜಿನ್ನಪ್ಪ ಮಾಸ್ತರರಿಗೆ ಹೇಳಿದೆಯಾ? ಒಂದು ಸಾಲು ಬರೆ. ನಾನು ಹೆಚ್ಚು ಕೇಳುತ್ತಿದ್ದೇನೆಯೇ ಎಂದು ಎರಡು ದಿನ ಯೋಚಿಸಿದೆ. ಇಲ್ಲ ಅನ್ನಿಸಿತು.

ನಿನ್ನ,
ಸುಂದರಾ

•

ನಿಪ್ಪಾಣಿ
24 ಜೂನ್ 1989

ಸುಂದರಾ,

ನಿನ್ನ ಪತ್ರದ ಧಾಟಿ ನನಗೆ ಹಿಡಿಸಲಿಲ್ಲ. ನಾನು ಆ ಹುಡುಗಿಯ ಶತ್ರುವೇ?

ಸೀಟು ಯಾರಿಗೆ ಹೋಗಿದೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಇಲ್ಲಿಯದೇ ಹುಡುಗಿ, ತಾಯಿ ಬೀಡಿ ಕಟ್ಟುತ್ತಾಳೆ. ಪ್ರಶಸ್ತಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ನಾನು ಹೋಗಿ ಅದನ್ನು ಇಳಿಸಲೇ? ಬಡತನ ಅಂಕಲಿಯಲ್ಲಿ ಮಾತ್ರ ಇಲ್ಲ.

ಇನ್ನು ನಿನ್ನ ಮಲಕವ್ವ. ಜಾಣೆ ಇರಬಹುದು. ಆದರೆ ಪರೀಕ್ಷೆಗೆ ಒಂದು ಶಿಸ್ತು ಅಂತ ಇರುತ್ತದೆ. ಕಮಾನಿನ ಕೆಳಗೆ ಕುರಿಯ ಚಿತ್ರ ಬರೆದು ಕೂತರೆ ಮೌಲ್ಯಮಾಪಕರಿಗೆ ಹೇಗೆ ಕಾಣುತ್ತದೆ? ಉತ್ತರ ಪತ್ರಿಕೆ ಎಂದರೆ ಅಂಗಳದ ಗೋಡೆಯೇ? ಅದನ್ನೂ ನೀನೇ ಕಲಿಸಬೇಕಿತ್ತು.

ಮುಂದಿನ ವರ್ಷದ ಸೀಟು ಅವಳಿಗೆ ಕೊಡಿಸುತ್ತೇನೆ, ಅದು ನನ್ನ ಕೈಯಲ್ಲಿದೆ. ಈ ವರ್ಷದ್ದನ್ನು ಬಿಡು. ಇದಕ್ಕಿಂತ ಹೆಚ್ಚು ಗೆಳತಿಯ ಹತ್ತಿರ ಕೇಳಬೇಡ.

ದ್ರೌಪದಿ

•

ಅಂಕಲಿ
28 ಜೂನ್ 1989

ದ್ರೌಪದಿ,

ಕಮಾನಿನ ಕೆಳಗೆ ಕುರಿ ಇತ್ತು ಎಂದು ನಾನು ನಿನಗೆ ಬರೆದಿರಲಿಲ್ಲ.

ನನಗೆ ಗೊತ್ತಿತ್ತು, ಯಾಕೆಂದರೆ ಮಲಕವ್ವ ಹೇಳಿದ್ದಳು. ಕಮಾನು ಎಷ್ಟು ಎತ್ತರ ಎಂದು ತಿಳಿಯಲಿ ಅಂತ ಒಂದು ಕುರಿಯನ್ನು ನಡುವೆ ನಿಲ್ಲಿಸಿದೆ ಅಂದಿದ್ದಳು. ಆ ಕುರಿ ಇದ್ದದ್ದು ಒಂದೇ ಹಾಳೆಯ ಮೇಲೆ. ಒಂದು ಉತ್ತರ ಪತ್ರಿಕೆಯನ್ನೂ ಕಣ್ಣಿಂದ ನೋಡಿಲ್ಲ ಎಂದು ನೀನು ನನಗೆ ಬರೆದೆ. ನಾನು ನಂಬಿದೆ.

ಫಲಿತಾಂಶದ ಜೊತೆ ಬಂದ ನಿನ್ನ ಪತ್ರವನ್ನೂ ಜೂನ್ ಎರಡರದನ್ನೂ ಮತ್ತೆ ಓದಿದೆ. ಅವೆರಡರ ನಡುವೆ ನಾನೊಂದು ಕಥೆ ಮಾಡಿಕೊಂಡಿದ್ದೆ: ದ್ರೌಪದಿಗೆ ಕೆಲಸ ಬಹಳ, ದ್ರೌಪದಿಗೆ ತಿಳಿದಿಲ್ಲ, ತಿಳಿದರೆ ಸರಿಮಾಡುತ್ತಾಳೆ. ಆ ಎರಡು ಪತ್ರಗಳಿಗೆ ಅದು ಸರಿಯಾಗಿ ಹೊಂದುತ್ತಿತ್ತು. ಹೊಂದುತ್ತದೆ ಎಂಬುದೇ ಸಾಕು ಎಂದುಕೊಂಡವಳು ನಾನು. ಮಕ್ಕಳು ಹಾಗೆ ಮಾಡಿದರೆ ಅಂಕ ಕಳೆಯುತ್ತೇನೆ.

ಒಂದೇ ಪ್ರಶ್ನೆ. ಯಾವಾಗ ನೋಡಿದೆ? ಅವಳ ತಲೆ ಸವರುವ ಮೊದಲೋ, ಆಮೇಲೋ?

ಸುಂದರಾ

•

ನಿಪ್ಪಾಣಿ
6 ಜುಲೈ 1989

ಸುಂದರಾ,

ಮೊದಲು.

ಮೇ ತಿಂಗಳಲ್ಲಿ, ಮುರಗೆಪ್ಪ ಮಾಸ್ತರರ ಪಡಸಾಲೆಯಲ್ಲಿ. ಒಟ್ಟು ಅಂಕಗಳನ್ನು ತಾಳೆ ನೋಡಲು ಹೋಗಿದ್ದೆ. ಅವರು ಒಂದು ಪತ್ರಿಕೆ ಎತ್ತಿ ಹಿಡಿದು, “ನೋಡ್ರಿ ಬಾಯಾರ, ಕುರುಬರ ಹುಡಗಿ ಲೆಕ್ಕದಾಗೂ ಕುರಿ ಹೊಡದಾಳ,” ಎಂದು ನಕ್ಕರು. ಕೂತವರೆಲ್ಲ ನಕ್ಕರು. ನಾನೂ ನಗುತ್ತಲೇ ಕೈಗೆ ತೆಗೆದುಕೊಂಡೆ. ಕುರಿಯ ಮೇಲಿನ ಸಾಲು ಓದಿದೆ. ಅದನ್ನು ಓದಲು ಎಷ್ಟು ಹೊತ್ತು ಬೇಕು, ನಿನಗೇ ಗೊತ್ತು. ಮಾದರಿ ಉತ್ತರ ಮೂರ್ನಾಲ್ಕು ಮಂದಿ ಮಾಡಿದ್ದಲ್ಲ. ನಾನೊಬ್ಬಳೇ ಮಾಡಿದ್ದು. ಪ್ರಶ್ನೆಯನ್ನು ಒಂದು ಹಳೆಯ ಪುಸ್ತಕದಿಂದ ತೆಗೆದುಕೊಂಡೆ, ಉತ್ತರವನ್ನು ಅಭ್ಯಾಸಬಲದಿಂದ ಬರೆದೆ. ಇಪ್ಪತ್ತು ವರ್ಷ ಅದೇ ಮೊತ್ತ, ಅದೇ ಗುಣಲಬ್ಧ.

ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಆದರೆ ಆ ನಗು ಇನ್ನೂ ಮುಗಿದಿರಲಿಲ್ಲ. ಅದು ಅವಳಿಂದ ನನ್ನ ಕಡೆಗೆ ತಿರುಗುವುದು ನನಗೆ ಕಾಣಿಸಿತು.

ನಾವಿಬ್ಬರೂ ಒಂದೇ ಕೇರಿಯಲ್ಲಿ ಹುಟ್ಟಿದೆವು. ನಿನ್ನಪ್ಪ ಮಿಲಿಟರಿ ಸೇರಿದ, ನೀನು ಬೆಳಗಾವಿಯ ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿತೆ. ನನ್ನಪ್ಪ ಜ್ಞಾನದೇವ ತಂಬಾಕಿನ ವಖಾರದಲ್ಲಿ ಚೀಲ ಹೊತ್ತ. ನೀನು ತಪ್ಪು ಮಾಡಿದರೆ ಸುಂದರಾ ಬಾಯಿಯವರು ತಪ್ಪು ಮಾಡಿದರು ಅನ್ನುತ್ತಾರೆ. ನಾನು ತಪ್ಪು ಮಾಡಿದರೆ ನಮ್ಮ ಇಡೀ ಕೇರಿ ತಪ್ಪು ಮಾಡುತ್ತದೆ. ನನ್ನನ್ನು ಕಾರ್ಯದರ್ಶಿ ಮಾಡಿದ ದಿನದಿಂದ ಅವರು ಕಾಯುತ್ತಿದ್ದಾರೆ, ಎಲ್ಲಿ ಎಡವುತ್ತಾಳೆ ಎಂದು. ಒಂದು ಕುರಿಯ ಕಾಲು ತಾಗಿ ಎಡವಲೇ?

ನಿನಗೆ ಆ ಸುಳ್ಳು ಬರೆದು ಎರಡು ದಿನ ಅಂಚೆಗೆ ಹಾಕಲಿಲ್ಲ ಎಂದರೆ ನಂಬುವುದಿಲ್ಲ ನೀನು. ಬೇಡ, ನಂಬಬೇಡ. ಆದರೆ ಇದನ್ನು ಹೊರಗೆ ಹಾಕಬೇಡ. ಹಾಕಿದರೆ ಲಾಭ ಆ ಹುಡುಗಿಗಲ್ಲ, ಮುರಗೆಪ್ಪನಿಗೆ. ಯೋಚನೆ ಮಾಡು. ಕೈಮುಗಿದು ಕೇಳುತ್ತೇನೆ.

ದ್ರೌಪದಿ

•

ಅಂಕಲಿ
9 ಜುಲೈ 1989

ಮಾನ್ಯ ಜಿನ್ನಪ್ಪ ಮಾಸ್ತರರಿಗೆ ನಮಸ್ಕಾರಗಳು.

ಸಂಘದ ಪರೀಕ್ಷೆಯ ಕೊನೆಯ ಪ್ರಶ್ನೆಯನ್ನೂ ಅದರ ಮಾದರಿ ಉತ್ತರವನ್ನೂ ಇದರೊಂದಿಗೆ ಇಟ್ಟಿದ್ದೇನೆ. ದಯವಿಟ್ಟು ಒಂದು ಹಾಳೆ ತೆಗೆದುಕೊಂಡು ಆ ಉತ್ತರದ ನಕ್ಷೆಯನ್ನು ತಾವೇ ಬಿಡಿಸಬೇಕು. ಕೊಟ್ಟಿರುವ ಬಿಂದು ಅದರ ಮೇಲೆ ಬರುತ್ತದೆಯೇ ನೋಡಬೇಕು. ಬರದಿದ್ದರೆ, ಬರುವಂಥ ಉತ್ತರವನ್ನು ನಮ್ಮ ಶಾಲೆಯ ಮಲಕವ್ವ ಬರೆದಿದ್ದಾಳೆ. ಅವಳಿಗೆ ಸೊನ್ನೆ ಬಿದ್ದಿದೆ. ಪ್ರವೇಶಕ್ಕೆ ಉಳಿದಿರುವ ದಿನಗಳು ಕಡಿಮೆ.

ಹೆಚ್ಚಿಗೆ ಬರೆಯುವುದೇನೂ ಇಲ್ಲ.

ತಮ್ಮ ವಿಶ್ವಾಸಿ,
ಸುಂದರಾ
ಗಣಿತ ಶಿಕ್ಷಕಿ, ಅಂಕಲಿ

•

ಅಂಕಲಿ
17 ಅಕ್ಟೋಬರ್ 1989

ದ್ರೌಪದಿ,

ಬರೆಯಬಾರದು ಎಂದುಕೊಂಡಿದ್ದೆ. ಆದರೆ ಆಗಸ್ಟ್ ಸಭೆಗೆ ನೀನು ಬರಲಿಲ್ಲ. ರಾಜೀನಾಮೆ ಕಳಿಸಿ ಸುಮ್ಮನಾದೆ. ಅಲ್ಲಿ ನಡೆದದ್ದನ್ನು ನಿನಗೆ ಬೇರೆಯವರು ಬೇರೆ ರೀತಿ ಹೇಳಿರುತ್ತಾರೆ.

ಜಿನ್ನಪ್ಪ ಮಾಸ್ತರರು ಗಾಬರಿಯಾಗುವ ಮನುಷ್ಯರೇ ಅಲ್ಲ. ಪತ್ರ ಸಿಕ್ಕ ದಿನವೇ ನಕ್ಷೆ ಬಿಡಿಸಿದ್ದರಂತೆ. ಆದರೆ ಸಭೆ ಕರೆಯುವಷ್ಟರಲ್ಲಿ ಪ್ರವೇಶ ಮುಗಿದಿತ್ತು. ಸಭೆಯಲ್ಲಿ ತಾವೇ ಎದ್ದು ಬೋರ್ಡಿನ ಮೇಲೆ ಎರಡೂ ನಕ್ಷೆ ಬರೆದರು, ಒಂದು ಮೇಲೆ, ಒಂದು ಕೆಳಗೆ. ಯಾರೂ ವಾದ ಮಾಡಲಿಲ್ಲ. ಮಾಡಲು ಏನಿತ್ತು? ನಿಪ್ಪಾಣಿಯ ಹುಡುಗಿಯ ಸೀಟು ಅವಳಿಗೇ ಇರಲಿ, ತಪ್ಪು ಅವಳದಲ್ಲ ಎಂದು ತೀರ್ಮಾನವಾಯಿತು. ಬರುವ ಜೂನ್‌ಗೆ ಮಲಕವ್ವನಿಗೆ ಬೇರೆ ಸೀಟು. ಬರೆದು ಕೊಟ್ಟರು. ನೀನು ಕೊಡುತ್ತೇನೆ ಎಂದದ್ದೂ ಅದನ್ನೇ. ಹಾಗಾದರೆ ನಾನು ಏನು ಗಳಿಸಿದೆ ಎಂದು ಬಸ್ಸಿನಲ್ಲಿ ಕೂತು ಕೇಳಿಕೊಂಡೆ. ನೀನು ಕೊಟ್ಟಿದ್ದರೆ ಅವಳಿಗೆ ದಯೆಯಾಗಿ ಸಿಗುತ್ತಿತ್ತು, ಅಷ್ಟೇ ವ್ಯತ್ಯಾಸ. ಅದು ಸಣ್ಣದೋ ದೊಡ್ಡದೋ ನನಗಿನ್ನೂ ತಿಳಿದಿಲ್ಲ.

ನೀನು ಹೆದರಿದ್ದು ಸುಳ್ಳಲ್ಲ. ಚಹಾ ಬಂದ ಮೇಲೆ ಮುರಗೆಪ್ಪ ಮಾಸ್ತರರು ಗೋಡೆಗೆ ಹೇಳುವಂತೆ ಹೇಳಿದರು, “ನಾ ಮೊದಲ ಅಂದಿದ್ದೆ. ಎಲ್ಲಾರ ಕೈಯಾಗ ಪೇಪರ ಕೊಡಬಾರದಂತ.” ಹಿಂದಿನ ಬೆಂಚಿನಲ್ಲಿ ಒಬ್ಬಿಬ್ಬರು ನಕ್ಕರು. ನಾನು ಅವರ ಜೊತೆ ಅವರದೇ ಮಾತಿನಲ್ಲಿ ಮಾತಾಡಿದ್ದು ಅದೇ ಮೊದಲು. “ಆ ತಪ್ಪ ಉತ್ತರಕ್ಕ ನೂರ ಮಂದಿಗೆ ಪೂರಾ ಮಾರ್ಕ್ಸ್ ಕೊಟ್ಟಾವ್ರು ನೀವಲ್ರಿ ಸರ್? ನಿಮ್ಮ ಕೈಯಾಗ ಪೇಪರ ಕೊಟ್ಟಾವ್ರು ಯಾರ್ರಿ?” ಅಂದೆ. ಅವರು ಬಸಿಯಲ್ಲಿ ಚಹಾ ಆರಿಸತೊಡಗಿದರು.

ನಿನಗೆ ಮೊದಲೇ ಗೊತ್ತಿತ್ತು ಎಂಬುದನ್ನು ಆ ಸಭೆಯಲ್ಲಿ ನಾನು ಹೇಳಲಿಲ್ಲ. ಅಭ್ಯಾಸಬಲದ ತಪ್ಪು, ಯಾರಿಗೂ ಆಗಬಹುದಾದದ್ದು ಎಂದೆ. ಅದು ನಿನಗೆ ಮಾಡಿದ ಉಪಕಾರ ಎಂದು ತಿಳಿಯಬೇಡ. ಅವರಿಗೆ ಆ ಸತ್ಯ ಕೊಡಲು ನನಗೆ ಮನಸ್ಸಾಗಲಿಲ್ಲ. ಅದನ್ನು ಕೇಳುವ ಹಕ್ಕು ಅಲ್ಲಿ ಯಾರಿಗೂ ಇರಲಿಲ್ಲ.

ನೀನು ಬರೆದದ್ದರಲ್ಲಿ ಒಂದು ಮಾತನ್ನು ನಾನು ಬಹಳ ದಿನ ಹೊತ್ತು ತಿರುಗಿದೆ. ತಪ್ಪು ಮಾಡುವ ಹಕ್ಕು ನನಗಿತ್ತು, ನಿನಗಿರಲಿಲ್ಲ ಎಂಬ ಅರ್ಥದ್ದು. ಅದು ನಿಜ. ಆ ನಿಜದ ಹಿಂದೆ ನೀನು ಮಲಕವ್ವನನ್ನು ನಿಲ್ಲಿಸಿದೆ. ಅವಳಿಗಂತೂ ಸರಿ ಉತ್ತರ ಬರೆಯುವ ಹಕ್ಕೂ ಇರಲಿಲ್ಲ.

ಹೋದ ಭಾನುವಾರ ಅವಳನ್ನು ನೋಡಲು ಹೋಗಿದ್ದೆ. ಮಾಳಸಿದ್ದನ ಮಂದೆ ಅಥಣಿ ಆಚೆ, ಅನಂತಪುರದ ಹತ್ತಿರ ಒಂದು ಹೊಲದಲ್ಲಿತ್ತು. ಬಸ್ಸಿಳಿದು ಕೇಳುತ್ತ ಕೇಳುತ್ತ ನಡೆದೆ. ಅವಳು ಕಪ್ಪಗಾಗಿದ್ದಾಳೆ. ಕುಂಟುವ ಮರಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದಳು. ಮಾಳಸಿದ್ದ ನನಗೆ ಕಂಬಳಿ ಹಾಸಿ, ನೀರು ತರಲು ಹೋದ.

ಸಂಘದ ತೀರ್ಮಾನವನ್ನು ಹೇಳಿದೆ. ಜಿನ್ನಪ್ಪ ಮಾಸ್ತರರ ಸಹಿ ತೋರಿಸಿದೆ. ಅವಳು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ.

“ತಪ್ಪ ಅಂದ್ರು, ನಂಬಿದ್ನಿ. ಈಗ ಸರಿ ಅಂತಾರ. ಯಾವುದ ನಂಬ್ಲಿರಿ?”

ಯಾರನ್ನೂ ನಂಬಬೇಡ, ಎರಡರಲ್ಲೂ ಮೂರು ಹಾಕಿ ನೋಡು ಎಂದೆ. ಹಾಳೆ ಕೊಟ್ಟೆ, ಬೇಡವೆಂದಳು. ಮರಿಯ ಕಾಲು ಹಿಡಿದುಕೊಂಡೇ ಮನಸ್ಸಿನಲ್ಲಿ ಮಾಡಿದಳು. ತುಟಿ ಆಡುವುದು ಕಾಣುತ್ತಿತ್ತು. ತನ್ನದರಲ್ಲಿ ಎಂಟು ಬರುತ್ತದೆ, ಅವರದರಲ್ಲಿ ಬರುವುದಿಲ್ಲ ಎಂದಳು. ಆ ಕ್ಷಣದಲ್ಲಿ ಅವಳ ಮುಖದಲ್ಲಿ ಸಂತೋಷ ಕಾಣುತ್ತದೆ ಎಂದುಕೊಂಡಿದ್ದೆ. ಅದಕ್ಕಾಗಿಯೇ ಅಷ್ಟು ದೂರ ಹೋಗಿದ್ದೆ ಅನ್ನಿಸುತ್ತದೆ. ಅವಳು ಯೋಚಿಸುತ್ತಿದ್ದಳು.

“ಇಷ್ಟ ಸಸಾರ ಐತಿ. ಆ ಬಾಯಾರು ಹಾಕಿ ನೋಡಿರಲಿಲ್ಲೇನ್ರಿ?”

ಸಭೆಯಲ್ಲಿ ಅಷ್ಟು ಸುಲಭವಾಗಿ ನುಂಗಿದ್ದನ್ನು ಇಲ್ಲಿಯೂ ನುಂಗಬಹುದಿತ್ತು. ಆದರೆ ಅವಳಿಗೆ ಒಮ್ಮೆ ದೊಡ್ಡವರು ಸುಳ್ಳು ಹೇಳಿಯಾಗಿದೆ. ಎರಡನೆಯವಳು ನಾನಾಗಲೇ?

“ನೋಡಿದ್ರು,” ಎಂದೆ.

“ಯಾವಾಗ್ರಿ?”

“ನಿನಗ ತಪ್ಪ ಅನ್ನೂಕಿಂತ ಮೊದಲ.”

ಮುಳ್ಳು ಬಂತು. ಅವಳು ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ ಬೇಲಿಯಾಚೆ ಎಸೆದಳು. ಮರಿ ಎದ್ದು ನಾಲ್ಕು ಹೆಜ್ಜೆ ಇಟ್ಟು, ಇನ್ನೂ ನೋಯುತ್ತದೆಯೇನೋ ಎಂಬಂತೆ ನಿಂತಿತು. ನೀನು ನನ್ನ ಗೆಳತಿಯೆಂದು ಅವಳಿಗೆ ಗೊತ್ತು. ಪರೀಕ್ಷೆಗೆ ಮೊದಲು ಇಡೀ ತರಗತಿಗೆ ನಿನ್ನ ಕಥೆ ಹೇಳಿದವಳು ನಾನೇ. ಜೂನ್‌ನಲ್ಲಿ ಕಾಲೇಜಿಗೆ ಬರುತ್ತೀಯಲ್ಲ ಎಂದು ಕೇಳಿದೆ. ಬರುತ್ತೇನೆ ಎಂದಳು. ಆಮೇಲೆ, ನಾನು ಏಳುವಾಗ, ನನ್ನ ಸೀರೆಗೆ ಹತ್ತಿದ್ದ ಹುಲ್ಲನ್ನು ಕೊಡವುತ್ತ ಹೇಳಿದಳು:

“ಅವ್ರು ನೋಡಿರಲಿಲ್ಲಂತ ನೀವು ಅಂದಿದ್ರ ಚೊಲೊ ಆಗ್ತಿತ್ರಿ ಬಾಯಾರ.”

ನನಗೂ ಹಾಗೇ ಅನ್ನಿಸುತ್ತದೆ, ದ್ರೌಪದಿ.

ಸುಂದರಾ